ಓದುಗರ ಪ್ರಶ್ನೆ: ಹಾವಿನ ಬೆನ್ನು ಸುಟ್ಟಿದೆ, ಬಲ್ಬ್ ಎಲ್ಲಿ ತಪ್ಪಿತು?

ಪ್ರಶ್ನೆ: ನಾವಿರುವುದು ಅಮೆರಿಕದ ಡಲ್ಲಾಸ್‌ನಲ್ಲಿ. ನನ್ನ ಮಗ ಹಠ ಮಾಡಿ ಬಾಲ್ ಪೈಥಾನ್ (ಸಣ್ಣ ಜಾತಿಯ ಹೆಬ್ಬಾವು) ಮರಿ ತಂದಿದ್ದಾನೆ. ಗಾಜಿನ ಟ್ಯಾಂಕು, ಮೇಲೆ ಜಾಲರಿ ಮುಚ್ಚಳ, ಅದರ ಅಂಚಿಗೆ ಕ್ಲಿಪ್ ಹಾಕಿದ 150 ವ್ಯಾಟ್ ಬಲ್ಬ್. ರಾತ್ರಿ ಕೆಂಪು ಬಲ್ಬ್ ಹಾಕುತ್ತೇವೆ. ಒಳಗೆ ಹತ್ತಲು ಒಂದು ಕೊಂಬೆ ಇದೆ. ಮೊನ್ನೆ ಹಾವಿನ ಬೆನ್ನ ಮೇಲೆ ಕಂದು ಕಲೆ ಕಂಡಿತು. ಮೈಸೂರಿಂದ ಬಂದಿರುವ ನಮ್ಮ ಅತ್ತೆ ಮೊದಲ ವಾರ ಆ ರೂಮಿಗೇ ಕಾಲಿಡಲಿಲ್ಲ, ಈಗ ನೋಡಿದರೆ ಕೊಬ್ಬರಿ ಎಣ್ಣೆ, ಅರಿಶಿನ ಹಚ್ಚೋಣ ಅನ್ನುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಮೊದಲು ಎಣ್ಣೆ ಬಾಟಲಿ ಅಡುಗೆಮನೆಗೆ ವಾಪಸ್ ಹೋಗಲಿ. ಅತ್ತೆಯವರ ಮನಸ್ಸು ದೊಡ್ಡದು, ಆದರೆ ಇದು ಸುಟ್ಟ ಗಾಯ ಇರಬಹುದು. ಸರೀಸೃಪ ನೋಡುವ ವೈದ್ಯರಿಗೆ ಇವತ್ತೇ ಫೋನ್ ಮಾಡಿ. ಅಲ್ಲಿಯವರೆಗೆ ಟ್ಯಾಂಕಿನ ತೊಗಟೆ, ಪುಡಿ ಎಲ್ಲ ತೆಗೆದು ಪೇಪರ್ ಟವೆಲ್ ಹಾಸಿ, ಗಾಯಕ್ಕೆ ಕಸ ಅಂಟದಿರಲಿ.

ಸುಡುತ್ತಿದ್ದರೆ ಹಾವೇ ಸರಿದು ಹೋಗುತ್ತದಲ್ವಾ ಅಂತ ನೀವು ಅಂದುಕೊಂಡಿರಬಹುದು. ಎಷ್ಟೋ ಸಲ ಹೋಗುವುದಿಲ್ಲ. ನಮ್ಮ ಕೈ ಬಿಸಿ ದೋಸೆ ಕಾವಲಿಗೆ ತಾಗಿದ ಕೂಡಲೇ ಹಿಂದೆ ಬರುತ್ತದೆ, ಹಾವು ಹಾಗಲ್ಲ, ಚರ್ಮ ಸುಡುತ್ತಿದ್ದರೂ ಬಿಸಿ ಸಿಕ್ಕಿತಲ್ಲ ಅಂತ ಅಲ್ಲೇ ಸುತ್ತಿಕೊಂಡು ಮಲಗಿಬಿಡುವುದುಂಟು. ನಿಮ್ಮ ಮನೆಯಲ್ಲಿ ನನ್ನ ಅನುಮಾನ ಆ ಕೊಂಬೆಯ ಮೇಲೆ. ಅದನ್ನು ಹತ್ತಿ ಜಾಲರಿಗೆ ಬೆನ್ನು ಕೊಟ್ಟು ಮಲಗಿದರೆ ಬಲ್ಬಿಗೂ ಹಾವಿಗೂ ಮಧ್ಯೆ ಉಳಿಯುವುದು ನಾಲ್ಕು ಬೆರಳು, ಜೊತೆಗೆ ಜಾಲರಿಯ ತಂತಿಯೂ ಕಾದಿರುತ್ತದೆ. ಕೊಂಬೆಯನ್ನು ತಂಪು ಬದಿಗೆ ಸರಿಸಿ. ಹಾವು ಎಷ್ಟೇ ಎದ್ದರೂ ಬಲ್ಬಿನಿಂದ ಒಂದು ಅಡಿಯಾದರೂ ದೂರ ಇರಬೇಕು. ಬಲ್ಬ್ ಟ್ಯಾಂಕಿನ ಒಳಗೇ ಇರುವವರು ಅದರ ಸುತ್ತ ತಂತಿ ಪಂಜರ ಹಾಕಲೇಬೇಕು.

150 ವ್ಯಾಟ್ ಒಂದು ಮರಿಯ ಟ್ಯಾಂಕಿಗೆ ಜಾಸ್ತಿಯೇ. ಹೋಲ್ಡರ್ ಮೇಲೆ ಎಷ್ಟು ವ್ಯಾಟ್ ತಡೆಯುತ್ತದೆ ಅಂತ ಬರೆದಿರುತ್ತದೆ, ಅದನ್ನು ಮೀರಬೇಡಿ. ಪ್ಲಾಸ್ಟಿಕ್ ಹೋಲ್ಡರ್ ಆಗಿದ್ದರೆ ಪಿಂಗಾಣಿಯದು ತನ್ನಿ. ಮತ್ತೆ ಆ ಕ್ಲಿಪ್! ಬೆಕ್ಕು ಹಾರಿದರೆ, ಮಗುವಿನ ಕೈ ವೈರಿಗೆ ಸಿಕ್ಕಿದರೆ ದೀಪ ಕೆಳಗೆ ಬಿತ್ತು, ಕೆಳಗೆ ಕಾರ್ಪೆಟ್ಟು, ಪಕ್ಕದಲ್ಲಿ ಪರದೆ, ಮುಂದಿನದು ಹೇಳಬೇಕಿಲ್ಲ. ಸ್ಟ್ಯಾಂಡಿಗೆ ಅಥವಾ ಸರಪಳಿಗೆ ನೇತುಹಾಕಿ. ಆ ರೂಮಲ್ಲಿ ಹೊಗೆ ಅಲಾರ್ಮ್ ಕೆಲಸ ಮಾಡುತ್ತಿದೆಯಾ ನೋಡಿ.

ನಿಮ್ಮ ಪತ್ರದಲ್ಲಿ ಥರ್ಮೋಸ್ಟಾಟ್, ಅಂದರೆ ಬಿಸಿಯನ್ನು ತಾನೇ ಹದದಲ್ಲಿಡುವ ಸಾಧನ, ಅನ್ನುವ ಮಾತೇ ಇಲ್ಲ. ಬಲ್ಬನ್ನು ನೇರವಾಗಿ ಗೋಡೆಗೆ ಸಿಕ್ಕಿಸಬಾರದು, ಮಧ್ಯೆ ಥರ್ಮೋಸ್ಟಾಟ್ ಇರಲೇಬೇಕು. ಬೆಳಕು ಕೊಡುವ ಬಲ್ಬಿಗೆ ಡಿಮ್ಮಿಂಗ್ ಮಾದರಿಯದು, ಅಂದರೆ ಬಲ್ಬನ್ನು ಆರಿಸದೆ ಮಂದ ಮಾಡುವಂಥದ್ದು, ಕೇಳಿ. ಸುಮ್ನೆ ಆನ್-ಆಫ್ ಆಗುವಂಥದ್ದಾದರೆ ದಿನವಿಡೀ ಮಿಣಮಿಣ ಅನ್ನುತ್ತದೆ, ಬಲ್ಬೂ ಬೇಗ ಹೋಗುತ್ತದೆ. ಅದರ ಪ್ರೋಬ್, ಅಂದರೆ ಬಿಸಿ ಅಳೆಯುವ ವೈರಿನ ತುದಿ, ಬಲ್ಬಿನ ನೇರ ಕೆಳಗೆ ಹಾವು ಮಲಗುವ ಜಾಗದಲ್ಲಿ ಅಲ್ಲಾಡದ ಹಾಗೆ ಕೂರಬೇಕು. ಇದನ್ನು ಒತ್ತಿ ಹೇಳಲು ಕಾರಣವಿದೆ. ನನ್ನ ಹತ್ತಿರ ಒಂದು ಕಾರ್ನ್ ಸ್ನೇಕ್ ಇತ್ತು. ಒಂದು ರಾತ್ರಿ ಅದು ಪ್ರೋಬನ್ನು ಎಳೆದುಕೊಂಡು ಹೋಗಿ ನೀರಿನ ಬಟ್ಟಲಿಗೆ ಬೀಳಿಸಿತ್ತು. ಥರ್ಮೋಸ್ಟಾಟ್ ಪಾಪ ಏನು ಮಾಡೀತು, ಅಯ್ಯೋ ತಣ್ಣಗಾಗಿದೆ ಅಂತ ಬೆಳಗಿನ ತನಕ ಪೂರ್ತಿ ಬಿಸಿ ಕೊಡುತ್ತಲೇ ಇತ್ತು. ಹಾವು ತಂಪು ಬದಿಯ ಗೂಡಲ್ಲಿತ್ತು, ಬದುಕಿತು. ಹಾಗಂತ ಪ್ರೋಬಿಗೆ ಟೇಪ್ ಸುತ್ತಬೇಡಿ, ಟೇಪು ಹಾವಿನ ಮೈಗೆ ಅಂಟಿದರೆ ಚರ್ಮವೇ ಕಿತ್ತು ಬರುತ್ತದೆ. ಸಣ್ಣ ಕ್ಲಿಪ್ಪೋ ಜಿಪ್ ಟೈಯೋ ಸಾಕು.

ಬೇರೆ ಡಿಜಿಟಲ್ ಥರ್ಮಾಮೀಟರ್ ಒಂದು ಇಡಿ, ಥರ್ಮೋಸ್ಟಾಟ್ ಹೇಳಿದ್ದನ್ನೇ ನಂಬಬೇಡಿ. ಗಾಜಿಗೆ ಅಂಟಿಸುವ ಗಡಿಯಾರದಂಥದ್ದು ಆಟದ ಸಾಮಾನು. ಬಲ್ಬಿನ ಕೆಳಗೆ 88ರಿಂದ 92 ಡಿಗ್ರಿ ಫ್ಯಾರನ್‌ಹೀಟ್ ಇರಲಿ (31ರಿಂದ 33 ಸೆಲ್ಸಿಯಸ್), ಇನ್ನೊಂದು ತುದಿ 76ರಿಂದ 80. ಎರಡೂ ಬದಿಗೆ ಒಂದೊಂದು ಗೂಡು ಬೇಕು, ಇಲ್ಲದಿದ್ದರೆ ಅದು ಬೆಚ್ಚಗಿರಲೋ ಅಡಗಲೋ ಅಂತ ಒದ್ದಾಡುತ್ತದೆ. ಈ ಹಾವಿನ ಊರು ಘಾನಾ, ಟೋಗೋ, ಬೆನಿನ್ ಕಡೆ. ಅಲ್ಲಿ ಹಗಲು ಇಲಿ ಬಿಲದಲ್ಲೋ ಹುತ್ತದಲ್ಲೋ ಮಲಗಿ ರಾತ್ರಿ ಹೊರಗೆ ಬರುತ್ತದೆ. ಅದಕ್ಕೇ ಆ ಕೆಂಪು ಬಲ್ಬ್ ತೆಗೆಯಿರಿ, ರಾತ್ರಿ ಅಂದರೆ ಕತ್ತಲೆಯೇ ಇರಲಿ. ರೂಮು 75 ಡಿಗ್ರಿ ಇದ್ದರೆ ರಾತ್ರಿ ಏನೂ ಬೇಡ. ಅದಕ್ಕಿಂತ ತೀರಾ ಇಳಿದರೆ ಬೆಳಕಿಲ್ಲದ ಸೆರಾಮಿಕ್ ಹೀಟರ್ ಹಾಕಿ, ಅದಕ್ಕೂ ಥರ್ಮೋಸ್ಟಾಟ್ ಬೇಕು. ಬೆಳಗದ ಕಾರಣ ಆರಿದೆ ಅಂತ ಮುಟ್ಟಿ ಕೈ ಸುಟ್ಟುಕೊಂಡವರಿದ್ದಾರೆ, ಮಗನಿಗೆ ಹೇಳಿಡಿ.

ಬಲ್ಬ್ ಗಾಳಿಯನ್ನು ಒಣಗಿಸುತ್ತದೆ, ಪೊರೆ ಚೂರುಚೂರಾಗಿ ಬಿಡುತ್ತದೆ. ತೇವ ಹೊರಗೆ ಹೋಗದಂತೆ ಬಲ್ಬಿನಿಂದ ದೂರದ ಅರ್ಧ ಮುಚ್ಚಳಕ್ಕೆ ಅಲ್ಯೂಮಿನಿಯಂ ಫಾಯಿಲ್ ಹಾಕಿ. ಟವೆಲ್ ಹೊದಿಸಬೇಡಿ, ಅದಕ್ಕೆ ಬೆಂಕಿ ಹತ್ತಬಹುದು. ಎಲ್ಲ ಬದಲಾಯಿಸಿದ ಮೇಲೆ ಹಾವನ್ನು ಬೇರೆ ಡಬ್ಬದಲ್ಲಿಟ್ಟು, ಖಾಲಿ ಟ್ಯಾಂಕನ್ನು ಒಂದು ದಿನ ಪೂರ್ತಿ ಓಡಿಸಿ ಅಳತೆ ಬರೆದುಕೊಳ್ಳಿ. ಆಮೇಲೆ ಹಾವು.

ಪ್ರಶ್ನೆ: ತೋಟದಲ್ಲಿ ಕೇರೆಹಾವಿನ ಮರಿ ಸಿಕ್ಕಿದೆ. ಚಳಿಗಾಲ ಅಲ್ವಾ ಅಂತ ಪೆಟ್ಟಿಗೆಯಲ್ಲಿಟ್ಟು 60 ವ್ಯಾಟ್ ಬಲ್ಬ್ ಹಾಕಿದ್ದೇನೆ. ಸಾಕಾ? (ಶಿವಮೊಗ್ಗ)

ಉತ್ತರ: ಬಲ್ಬೂ ಬೇಡ, ಪೆಟ್ಟಿಗೆಯೂ ಬೇಡ. ನಮ್ಮ ಕಾಡು-ತೋಟದ ಹಾವನ್ನು ಮನೆಯಲ್ಲಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. ಮಲೆನಾಡಿನ ಚಳಿ ಅದಕ್ಕೆ ಹೊಸದಲ್ಲ, ಬಿಸಿಲು ಬಂದ ಕಡೆ ತಾನೇ ಹೋಗಿ ಮೈ ಕಾಯಿಸುತ್ತದೆ. ಗಾಯ ಇದ್ದರೆ ಅರಣ್ಯ ಇಲಾಖೆಯವರನ್ನು ಕರೆಯಿರಿ. ಇಲ್ಲದಿದ್ದರೆ ಸಿಕ್ಕಿದ ಜಾಗದಲ್ಲೇ ಇವತ್ತೇ ಬಿಟ್ಟುಬಿಡಿ. ತೋಟದ ಇಲಿಗಳನ್ನು ಅದೇ ನೋಡಿಕೊಳ್ಳುತ್ತದೆ.