ಚೆನ್ನಾಗಿ ಆಡುತ್ತಿರುವ ಯುವ ಡಿಫೆನ್ಸ್‌ಮನ್‌ನನ್ನು ಐಸ್ ಹಾಕಿ ತಂಡ ಬಿಟ್ಟುಕೊಡಬಹುದೇ?

ಸುಮ್ನೆ ಬಿಟ್ಟುಕೊಡಬಾರದು. ಗೋಲು ಕಾಯುವುದಕ್ಕೆ ನೆರವಾಗುವ ಡಿಫೆನ್ಸ್‌ಮನ್‌ಗಳು ದಾಳಿ ಮಾಡುವ ಫಾರ್ವರ್ಡ್‌ಗಳಿಗಿಂತ ನಿಧಾನವಾಗಿ ಪಳಗುತ್ತಾರೆ. 20, 21ರ ವಯಸ್ಸಿನಲ್ಲಿ ಮಾಡುವ ತಪ್ಪು ನೋಡಿ ಬೆಲೆ ಕಟ್ಟಿದರೆ ನಷ್ಟ ತಂಡಕ್ಕೇ. ಉತ್ತರ ಅಮೆರಿಕದ ದೊಡ್ಡ ಐಸ್ ಹಾಕಿ ಲೀಗ್ ಆದ ಎನ್‌ಎಚ್‌ಎಲ್‌ನಲ್ಲಿ ಮೊದಲ ಒಪ್ಪಂದದ ಸಂಬಳವೂ ಕಡಿಮೆ. ಸಂಬಳದ ಮಿತಿ ಇರುವ ಲೀಗ್‌ನಲ್ಲಿ ಅದು ದೊಡ್ಡ ಅನುಕೂಲ.

ಆದರೆ ನ್ಯಾಶ್‌ವಿಲ್ ತಂಡವನ್ನು ನೋಡಿ. 2016ರ ಜನವರಿಯಲ್ಲಿ ಅದು 21 ವರ್ಷದ ಡಿಫೆನ್ಸ್‌ಮನ್ ಸೆತ್ ಜೋನ್ಸ್‌ನನ್ನು ಕೊಲಂಬಸ್‌ಗೆ ಕೊಟ್ಟು, 23 ವರ್ಷದ ಸೆಂಟರ್ (ದಾಳಿಯ ಸಾಲಿನ ನಡುವೆ ಆಡುವವನು) ರಯಾನ್ ಜೋಹಾನ್ಸೆನ್‌ನನ್ನು ತಂದಿತು. ಇಬ್ಬರೂ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವ ಡ್ರಾಫ್ಟ್‌ನಲ್ಲಿ 4ನೆಯವರಾಗಿ ಆಯ್ಕೆಯಾದವರು. ನ್ಯಾಶ್‌ವಿಲ್ ಬಳಿ ಆಗಲೇ ವೆಬರ್, ಯೋಸಿ, ಎಕ್‌ಹೋಮ್, ಎಲಿಸ್ ಎಂಬ ಡಿಫೆನ್ಸ್‌ಮನ್‌ಗಳಿದ್ದರು. ಇರದಿದ್ದದ್ದು ಮೊದಲ ಸಾಲಿನ ಸೆಂಟರ್. 2017ರಲ್ಲಿ ತಂಡ ಲೀಗ್‌ನ ಪ್ರಶಸ್ತಿಯಾದ ಸ್ಟ್ಯಾನ್ಲಿ ಕಪ್‌ನ ಫೈನಲ್ ತಲುಪಿತು. ಆ ಪ್ಲೇಆಫ್‌ನ 14 ಪಂದ್ಯಗಳಲ್ಲಿ ಜೋಹಾನ್ಸೆನ್ 13 ಪಾಯಿಂಟ್ (ಗೋಲು ಮತ್ತು ಗೋಲಿಗೆ ನೆರವು ಸೇರಿ) ಗಳಿಸಿ, ಗಾಯದಿಂದ ಫೈನಲ್ ತಪ್ಪಿಸಿಕೊಂಡ. ಪಾಪ, ಅವನಿದ್ದಿದ್ದರೆ ಎದುರಾಳಿ ಪಿಟ್ಸ್‌ಬರ್ಗ್‌ಗೆ ಆ ಸರಣಿ ಇನ್ನೂ ಕಷ್ಟವಾಗುತ್ತಿತ್ತು ಎಂದೇ ನನಗನಿಸುತ್ತದೆ. ಅತ್ತ ಕೊಲಂಬಸ್‌ಗೂ ಮೋಸವಾಗಲಿಲ್ಲ. ಜೋನ್ಸ್ ಅಲ್ಲಿ ಆಲ್‌ಸ್ಟಾರ್ ಆಟಗಾರನಾಗಿ ಬೆಳೆದ.

ಹಾಗಾಗಿ ಹುಡುಗ ಎಷ್ಟು ಒಳ್ಳೆಯವನು ಎಂದಷ್ಟೇ ಕೇಳಿದರೆ ಸಾಲದು. ಅವನು ಹೋದ ಮೇಲೆ ಹಿಂದಿನ ಸಾಲು ಗಟ್ಟಿಯಾಗಿ ಉಳಿಯುತ್ತದೆಯೇ? ಬರುವವನು ಕೂಡ ಚಿಕ್ಕ ವಯಸ್ಸಿನವನೇ, ಹಲವು ವರ್ಷ ಉಳಿಯುತ್ತಾನೆಯೇ? ಎರಡಕ್ಕೂ ಹೌದು ಎಂದಾದರೆ ಮಾತುಕತೆಗೆ ಕೂರಬಹುದು. ಒಂದೇ ಸೀಸನ್‌ಗಾಗಿ 30 ದಾಟಿದ ಆಟಗಾರನನ್ನು ತರಲು ಮಾತ್ರ ನಾನಾಗಿದ್ದರೆ ಇಂಥ ಹುಡುಗನನ್ನು ಕೊಡುತ್ತಿರಲಿಲ್ಲ.