ಇಂಗ್ಲಿಷ್ ಸಾಹಿತ್ಯ ಆಕ್ಸ್‌ಫರ್ಡ್‌ಗಿಂತ ಮೊದಲು ಭಾರತದಲ್ಲೇ ಪಾಠವಾಗಿತ್ತೇ?

ಹೌದು, ತಮಾಷೆಯೆನಿಸಿದರೂ ನಿಜ. ಕಲ್ಕತ್ತೆಯ ಹಿಂದೂ ಕಾಲೇಜು ಶುರುವಾದದ್ದು 1817ರಲ್ಲಿ. 1830ರ ದಶಕದಲ್ಲಿ ಅಲ್ಲಿ ಶೇಕ್ಸ್‌ಪಿಯರ್ ಪಾಠ ಜೋರಾಗಿ ನಡೆದಿತ್ತು. ಆಕ್ಸ್‌ಫರ್ಡ್‌ನಲ್ಲಿ ಇಂಗ್ಲಿಷ್ ಪ್ರತ್ಯೇಕ ಪದವಿ ವಿಷಯವಾದದ್ದು 1894ರಲ್ಲಿ, ಕೇಂಬ್ರಿಜ್‌ನಲ್ಲಿ 1917ರಲ್ಲಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಮಾತ್ರ 1828ರಿಂದಲೇ ಪ್ರಾಧ್ಯಾಪಕರಿದ್ದರು.

ಹಳೆಯ ವಿಶ್ವವಿದ್ಯಾಲಯಗಳಿಗೆ ವಿದ್ವತ್ತು ಎಂದರೆ ಗ್ರೀಕ್, ಲ್ಯಾಟಿನ್. ತಾಯ್ನುಡಿಯ ಕಾವ್ಯ ಮನೆಯಲ್ಲೇ ಓದಿಕೊಳ್ಳುವಂಥದ್ದು, ಅದಕ್ಕೊಂದು ಪರೀಕ್ಷೆ ಬೇರೆ ಕೇಡು! ಇತಿಹಾಸಕಾರ ಫ್ರೀಮನ್ ಇಂಗ್ಲಿಷ್ ಸಾಹಿತ್ಯದ ಪಾಠವನ್ನು ಕವಿ ಷೆಲ್ಲಿ ಕುರಿತ ಹರಟೆ ಎಂದೇ ಗೇಲಿ ಮಾಡಿದ.

ಇಲ್ಲಿ ಕಂಪನಿ ಸರ್ಕಾರ ಬೈಬಲ್ ಕಲಿಸಲು ಅಂಜುತ್ತಿತ್ತು. ನೀತಿ ಬೋಧನೆಯ ಆ ಜಾಗಕ್ಕೆ ಸಾಹಿತ್ಯ ಬಂತು ಎಂಬುದು ಸಾಹಿತ್ಯ ವಿದ್ವಾಂಸೆ ಗೌರಿ ವಿಶ್ವನಾಥನ್ ಅವರ ವಾದ. ಬಹುಮಟ್ಟಿಗೆ ಒಪ್ಪುತ್ತೇನೆ. ಆದರೆ ಹಿಂದೂ ಕಾಲೇಜು ಶುರುಮಾಡಲು ದುಡ್ಡು ಹಾಕಿದವರು ಕಲ್ಕತ್ತೆಯ ಸಿರಿವಂತರು, ಕಂಪನಿಯಲ್ಲ.