ಇಂಗ್ಲೆಂಡಿನ ಫುಟ್‌ಬಾಲ್‌ನಲ್ಲಿ ಕೆಲವು ಮಿಡ್‌ಫೀಲ್ಡರ್‌ಗಳು (ಮೈದಾನದ ನಡುಭಾಗದಲ್ಲಿ ಆಡುವವರು) ಪದೇ ಪದೇ ಕ್ಲಬ್ ಬದಲಿಸುವುದು ಯಾಕೆ?

ಮುಖ್ಯ ಕಾರಣ, ಅವರ ಕರಾರು ಚಿಕ್ಕದು. ಕೆಳಗಿನ ಡಿವಿಷನ್‌ಗಳಲ್ಲಿ ಜಾಸ್ತಿ ಸಿಗುವುದು ಒಂದೆರಡು ವರ್ಷದ ಕರಾರು. ಅದು ಸಾಮಾನ್ಯವಾಗಿ ಜೂನ್ 30ಕ್ಕೆ ಮುಗಿಯುತ್ತದೆ. ಸೀಸನ್ ಮುಗಿದ ಕೂಡಲೇ ಕ್ಲಬ್ ಯಾರು ಉಳಿಯುತ್ತಾರೆ, ಯಾರು ಹೋಗುತ್ತಾರೆ ಅಂತ ಪಟ್ಟಿ ಹಾಕುತ್ತದೆ. ಹೋಗುವವರು ಹೊಸ ಕ್ಲಬ್ ಹುಡುಕಬೇಕು, ಎಷ್ಟೋ ಸಲ ಮನೆಮಂದಿಯನ್ನೂ ಕಟ್ಟಿಕೊಂಡು ಹೊಸ ಊರಿಗೆ ಹೋಗಬೇಕು.

ಕ್ಲಬ್‌ಗಳಿಗೂ ಬೇರೆ ದಾರಿ ಇಲ್ಲ. ಅಲ್ಲಿನ ಮುಖ್ಯ ಲೀಗ್‌ಗಳಲ್ಲಿ 4 ಹಂತ, 92 ಕ್ಲಬ್. ಪ್ರತಿ ವರ್ಷ ಕೆಲವು ಮೇಲೇರುತ್ತವೆ, ಕೆಲವು ಕೆಳಗಿಳಿಯುತ್ತವೆ. ಇಳಿದರೆ ಟಿವಿ ಹಣ ಕುಸಿಯುತ್ತದೆ. ಮುಂದಿನ ವರ್ಷದ ಆದಾಯವೇ ಗೊತ್ತಿಲ್ಲದಾಗ ನಾಲ್ಕು ವರ್ಷದ ಸಂಬಳ ಕೊಡುತ್ತೇವೆ ಅನ್ನಲು ಧೈರ್ಯ ಬರುವುದಿಲ್ಲ, ಅಲ್ವಾ?

ಮಿಡ್‌ಫೀಲ್ಡರ್ ಜಿಮ್ಮಿ ಬುಲ್ಲಾರ್ಡ್ ಅವರನ್ನೇ ನೋಡಿ. ವೆಸ್ಟ್ ಹ್ಯಾಮ್ ಕ್ಲಬ್‌ನಲ್ಲಿದ್ದರೂ ಮೊದಲ ತಂಡದಲ್ಲಿ ಒಂದು ಪಂದ್ಯವೂ ಸಿಗಲಿಲ್ಲ. 2001ರಲ್ಲಿ ಪೀಟರ್‌ಬರೋಗೆ ಹೋದರು, 2003ರಲ್ಲಿ ವಿಗನ್‌ಗೆ. 2005ರಲ್ಲಿ ವಿಗನ್ ಜೊತೆಗೇ ಎಲ್ಲಕ್ಕಿಂತ ಮೇಲಿನ ಹಂತವಾದ ಪ್ರೀಮಿಯರ್ ಲೀಗ್‌ಗೆ ಏರಿದರು. ಚೆನ್ನಾಗಿ ಆಡಿದ್ದಕ್ಕೆ ಫುಲಮ್ ಕರೆಯಿತು. ಅಲ್ಲಿ ಮಂಡಿಗೆ ದೊಡ್ಡ ಪೆಟ್ಟು, ವರ್ಷಕ್ಕಿಂತ ಜಾಸ್ತಿ ಹೊರಗೆ. ಆದರೂ ವಾಪಸ್ ಬಂದು 2008ರಲ್ಲಿ ಇಂಗ್ಲೆಂಡ್ ತಂಡಕ್ಕೂ ಆಯ್ಕೆಯಾದರು, ಕಣಕ್ಕಿಳಿಯುವ ಅವಕಾಶ ಮಾತ್ರ ಸಿಗಲಿಲ್ಲ. 2009ರಲ್ಲಿ ಹಲ್ ಸಿಟಿ ಸೇರಿದ ಮೊದಲ ಪಂದ್ಯದಲ್ಲೇ ಮತ್ತೆ ಮಂಡಿ ಕೈಕೊಟ್ಟಿತು. ಓದಿದಾಗಲೆಲ್ಲ ಹೊಟ್ಟೆ ಚುರ್ ಅನ್ನುತ್ತದೆ. ಆಮೇಲೆ ಇಪ್ಸ್‌ವಿಚ್, ಕೊನೆಗೆ ಎಂಕೆ ಡಾನ್ಸ್. 2012ರಲ್ಲಿ ಆಟ ನಿಲ್ಲಿಸಿದರು.